ಡೋಣಿ ಕಣಿವೆಯ ಎರೆಹೊಲಗಳಲ್ಲಿ

ವಿಜಯಪುರದಿಂದ ಬಸವನ ಬಾಗೇವಾಡಿಯ ಮಾರ್ಗವಾಗಿ ತಾಳಿಕೋಟೆಯ ಕಡೆಗೆ ಪಯಣಿಸುವವರಿಗೆ ಹೂವಿನ ಹಿಪ್ಪರಗಿಯ ಆಸುಪಾಸಿನಲ್ಲಿ ನೆಲದ ಬಣ್ಣವೇ ಬೇರೆಯಾಗುವುದು ಕಣ್ಣಿಗೆ ಬೀಳುತ್ತದೆ. ಕಲ್ಲು ಹರಳುಗಳ ಮಡ್ಡಿನೆಲ ಹಿಂದೆ ಸರಿದು, ಕಾಡಿಗೆ ಬಳಿದಂತಹ ಎರೆಭೂಮಿ ದಿಗಂತದವರೆಗೆ ಹಬ್ಬಿ ನಿಲ್ಲುತ್ತದೆ. ಮರಗಳು ವಿರಳ. ಬದುವಿನ ಮೇಲೊಂದು ಬೇವು, ಹಳ್ಳದ ದಂಡೆಗೆ ನಾಲ್ಕು ಜಾಲಿ, ಅಷ್ಟೇ. ಈ ಕಪ್ಪು ನೆಲದ ನಡುವೆ ಅತ್ತಿತ್ತ ಹೊರಳುತ್ತ ಸಾಗುವ ಹೊಳೆಯೇ ಡೋಣಿ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಅಡ್ಡಹಾಯ್ದು ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಸವುಳು, ಬಾಯಿಗೆ ಹಿತವಲ್ಲ. ಆದರೆ ಅದರ ಇಕ್ಕೆಲದ ಮಣ್ಣು ಬಂಗಾರ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಮಾತು ಈ ಸೀಮೆಯಲ್ಲಿ ಮಕ್ಕಳ ಬಾಯಲ್ಲಿಯೂ ಉಂಟು.

ಆ ಮಾತು ಇಂದಿಗೂ ಪೂರ್ತಿ ನಿಜವೇ ಎಂದು ಕೇಳುವ ಕಾಲ ಬಂದಿದೆ. ಹೊಳೆಯ ಪಾತ್ರದಲ್ಲಿ ಹೂಳು ತುಂಬಿದೆ, ಹೂಳಿನ ಮೇಲೆ ಬಳ್ಳಾರಿ ಜಾಲಿ ಬೆಳೆದಿದೆ. ಹಿಂಗಾರಿನ ಹೊತ್ತಿಗೆ ಒಂದು ಜಡಿಮಳೆ ಹೊಡೆದರೆ ನೀರು ಪಾತ್ರದಲ್ಲಿ ನಿಲ್ಲದೆ ಹೊಲಗಳಿಗೆ ನುಗ್ಗುತ್ತದೆ, ತಗ್ಗಿನ ಸೇತುವೆಗಳು ಮುಳುಗುತ್ತವೆ. ಮರುವರ್ಷ ಅದೇ ಹೊಲದಲ್ಲಿ ಬಿತ್ತುವಷ್ಟು ಹಸಿಯೂ ಇರುವುದಿಲ್ಲ. ಡೋಣಿ ಹರಿದರೂ ಕಷ್ಟ, ಹರಿಯದಿದ್ದರೂ ಕಷ್ಟ ಎಂಬ ಈ ಇಕ್ಕಟ್ಟಿನಲ್ಲಿ ನಾಲ್ಕೈದು ಎಕರೆಯ ಒಕ್ಕಲುತನದವರು ಹೇಗೆ ಬಾಳುತ್ತಿದ್ದಾರೆ ಎಂಬುದನ್ನು ನೋಡಬೇಕೆಂದೇ ನಾನು ಎಳ್ಳಮಾವಾಸ್ಯೆಯ ದಿನಗಳಲ್ಲಿ ಈ ಕಣಿವೆಯ ಹಳ್ಳಿಗಳನ್ನು ಸುತ್ತಿದ್ದು.

ಎರೆಯ ಗುಣವನ್ನು ಅರಿಯದವರಿಗೆ ಇಲ್ಲಿಯ ಬೇಸಾಯ ಒಂದು ಪವಾಡದಂತೆ ತೋರೀತು. ಮಲೆನಾಡಿನವರಾಗಲಿ ಮೈಸೂರು ಸೀಮೆಯವರಾಗಲಿ ಮಳೆ ಬರುವಾಗ ಬೆಳೆ ಬೆಳೆಯುತ್ತಾರೆ. ಇಲ್ಲಿಯವರು ಮಳೆ ಮುಗಿದ ಮೇಲೆ ಬೆಳೆಯುತ್ತಾರೆ! ಉತ್ತರೆ, ಹಸ್ತ ಮಳೆಗಳಿಗೆ ಬಿತ್ತಿದ ಬಿಳಿಜೋಳಕ್ಕೆ ಬಳಿಕ ಒಂದು ಹನಿ ಬೀಳದಿದ್ದರೂ ಅದು ತೆನೆ ಕಟ್ಟಿ ಮಾಘ ಫಾಲ್ಗುಣಕ್ಕೆ ಕಣ ಸೇರುತ್ತದೆ. ಆಳವಾದ ಎರೆಮಣ್ಣು ಮಳೆಗಾಲದಲ್ಲಿ ಕುಡಿದ ನೀರನ್ನು ತನ್ನೊಡಲಲ್ಲಿಯೇ ಬಚ್ಚಿಟ್ಟುಕೊಂಡು, ಚಳಿಯಲ್ಲಿ ಇಬ್ಬನಿಯ ಆಸರೆಯೊಂದಿಗೆ ಬೇರಿಗೆ ಉಣಿಸುತ್ತದೆ. ಒಂದು ಮೀಟರ್ ಆಳದ ಎರೆ ಚೆನ್ನಾಗಿ ನೆನೆದರೆ ಬೆಳೆಗೆ ಒದಗುವ ನೀರು 150ರಿಂದ 200 ಮಿಲಿಮೀಟರ್ ಮಳೆಗೆ ಸಮನಾಗುವಷ್ಟು ಇರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆಗೆ ಇದು ಸಣ್ಣ ಗಂಟಲ್ಲ. ಇಲ್ಲಿಯ ರೈತನಿಗೆ ಕೆರೆಯೂ ಬಾವಿಯೂ ಹೊಲದ ಮಣ್ಣೇ.

ಈ ಗಂಟನ್ನು ತುಂಬಿಸುತ್ತಿದ್ದ ಮಳೆಯೇ ಈಗ ತನ್ನ ನಡೆಯನ್ನು ಬದಲಿಸಿದೆ. ಹೊಲದ ಬದುವಿನಲ್ಲಿ ಕುಳಿತು ಮಾತಿಗೆಳೆದಾಗ ಎಪ್ಪತ್ತು ದಾಟಿದ ಹಿರಿಯರೊಬ್ಬರು ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ: “ಮಳಿ ಕಡಿಮಿ ಆಗಿಲ್ರಿ ಮಾಸ್ತರ, ಮಳಿ ಲೆಕ್ಕ ತಪ್ಪೇತಿ. ಮೊದಲ ತಿಂಗಳಗಟ್ಟಲೆ ಜಿಟಿಜಿಟಿ ಹಿಡಿತಿತ್ತು, ನೆಲ ನಿಧಾನ ಕುಡಿತಿತ್ತು. ಈಗ ಒಂದ ರಾತ್ರಿಗೆ ಎಲ್ಲಾ ಸುರದು ಹೋಗತೈತಿ. ಹಸದಾವಗ ಒಮ್ಮೆಲೆ ಕೊಡ ನೀರು ಬಾಯಾಗ ಸುರದರ ಕುಡಿತಾನೇನ್ರಿ?”

ಹವಾಮಾನದ ಪಂಡಿತರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಹೀಗಾಗಿ ಸುರಿದಾಗ ಸುರಿಮಳೆ, ನಿಂತಾಗ ದೀರ್ಘ ಒಣಹವೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆಯೆಂದು 2020ರಲ್ಲಿ ಕೇಂದ್ರ ಭೂವಿಜ್ಞಾನ ಸಚಿವಾಲಯ ಪ್ರಕಟಿಸಿದ ವರದಿ ತಿಳಿಸುತ್ತದೆ. ಕಣ್ಣೆದುರಿನ ಸಾಕ್ಷಿಗೂ ಕೊರತೆಯಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಜಿಲ್ಲೆಯ ಉತ್ತರದ ಹಳ್ಳಿಗಳು ನೀರಿನಲ್ಲಿ ನಿಂತವು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಮೂರು ವರ್ಷದ ಅಂತರದಲ್ಲಿ ಎರಡು ಕೊನೆಗಳು! ಬೀಗರ ಮದುವೆಗೆ ದಿನ ಗೊತ್ತುಮಾಡುವಾಗ ಮಳೆ ನಕ್ಷತ್ರದ ಲೆಕ್ಕ ಹಾಕುತ್ತಿದ್ದ ಜನ ಈಗ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುತ್ತಾರೆ. ಅದನ್ನೂ ಪೂರ್ತಿ ನಂಬುವುದಿಲ್ಲ.

ಇಂತಹ ಮಳೆಗೆ ಕಣಿವೆಯ ರೈತರು ಕಂಡುಕೊಂಡ ಮೊದಲ ಉತ್ತರ ಹೊಸತಲ್ಲ. ಅದರ ಹೆಸರು ಚೌಕುಮಡಿ. ಒಣಬೇಸಾಯದ ಸಂಶೋಧನೆ ಸೋಲಾಪುರ, ವಿಜಯಪುರಗಳಲ್ಲಿ ಬ್ರಿಟಿಷರ ಕಾಲದಲ್ಲಿಯೇ ಮೊದಲಾಯಿತು. ವಿಜಯಪುರದ ಕೇಂದ್ರ ಬಹುಕಾಲದಿಂದ ಸಾರಿಕೊಂಡು ಬಂದ ವಿಧಾನಗಳಲ್ಲಿ ಇದು ಮುಖ್ಯವಾದುದು. ಹಿಂಗಾರಿಗೆಂದು ಬಿಟ್ಟ ಹೊಲವನ್ನು ಮುಂಗಾರಿನಲ್ಲಿ ಹರಗಿ, ಎತ್ತುಗಳಿಗೆ ಹೂಡುವ ಸಾಧನದಿಂದ ಅರ್ಧ ಅಡಿ ಎತ್ತರದ ಒಡ್ಡುಗಳನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯುತ್ತಾರೆ. ಇಡೀ ಹೊಲ ಚದುರಂಗದ ಮಣೆಯಂತಾಗುತ್ತದೆ. ಇಳಿಜಾರು ಹೆಚ್ಚಿದಷ್ಟೂ ಮಡಿ ಕಿರಿದು. ಹತ್ತಡಿಯಿಂದ ಇಪ್ಪತ್ತಡಿಯವರೆಗೆ ಅಳತೆ. ಬಿದ್ದ ಮಳೆ ಬಿದ್ದ ಮಡಿಯಲ್ಲಿಯೇ ನಿಂತು ಇಂಗುತ್ತದೆ. ಬಿತ್ತುವ ಹೊತ್ತಿಗೆ ಒಡ್ಡುಗಳನ್ನು ಸಮ ಮಾಡಿ ಕೂರಿಗೆ ಹೂಡುತ್ತಾರೆ.

ಓದುಗರಿಗೆ ಒಂದು ಲೆಕ್ಕ ಹೇಳಬೇಕು. ಹತ್ತಡಿ ಚೌಕದ ಮಡಿ, ಅರ್ಧ ಅಡಿಯ ಒಡ್ಡು. ಇಳಿಜಾರಿನಿಂದಾಗಿ ಅರ್ಧದಷ್ಟೇ ತುಂಬಿತೆಂದರೂ ಮಡಿಯೊಂದಕ್ಕೆ ಏಳುನೂರು ಲೀಟರ್ ನೀರು. ಎಕರೆಗೆ ನಾನೂರಕ್ಕೂ ಮಿಕ್ಕು ಮಡಿಗಳು. ಅಂದರೆ ಒಂದೇ ಸಲಕ್ಕೆ ಎಕರೆಯಲ್ಲಿ ಸುಮಾರು 3 ಲಕ್ಷ ಲೀಟರ್ ನೀರು ಓಡಿಹೋಗದೆ ನಿಲ್ಲುತ್ತದೆ. ಇದು ಮೂರು ಇಂಚು ಮಳೆಯ ಸಮ. ಒಂದು ಚೀಲ ಸಿಮೆಂಟಾಗಲಿ ಒಂದು ಗಜ ಪ್ಲಾಸ್ಟಿಕ್ಕಾಗಲಿ ಬೇಕಾಗಿಲ್ಲ. ನೀರಿನೊಂದಿಗೆ ಡೋಣಿಯ ಹೂಳಾಗಿ ಹೋಗಬಹುದಾಗಿದ್ದ ಮೇಲ್ಮಣ್ಣೂ ಹೊಲದಲ್ಲಿಯೇ ಉಳಿಯುತ್ತದೆ. ಮುಂಗಾರಿನ ಜಿಟಿಜಿಟಿ ಮಳೆಯ ಕಾಲದಲ್ಲಿ ಇದು ಲಾಭದ ಮಾತಾಗಿತ್ತು. ಒಂದೇ ರಾತ್ರಿ ಸುರಿಯುವ ಮಳೆಯ ಕಾಲದಲ್ಲಿ ಬಾಳಿನ ಮಾತಾಗಿದೆ.

ನೀರು ಹಿಡಿದರಷ್ಟೇ ಸಾಲದು, ಅದನ್ನು ಕಾಯಲೂಬೇಕು. ಚಳಿಗಾಲ ಬಲಿತಂತೆ ಎರೆನೆಲ ಬಿರುಕು ಬಿಡುತ್ತದೆ. ಬಿರುಕಿನ ಬಾಯಿಂದ ಒಡಲಿನ ಹಸಿ ಆರಿಹೋಗುತ್ತದೆ. ಆದುದರಿಂದ ಜೋಳದ ಸಾಲುಗಳ ನಡುವೆ ಎರಡು ಮೂರು ಸಲ ಎಡೆಕುಂಟೆ ಹೊಡೆದು, ಸಡಿಲ ಮಣ್ಣಿನಿಂದ ಬಿರುಕನ್ನು ಮುಚ್ಚುತ್ತಾರೆ. ಕಳೆ ತೆಗೆಯುವುದು ಅದರ ಒಂದು ಕೆಲಸ ಮಾತ್ರ. ಕೊನೆಯ ಎಡೆ ತಪ್ಪಿದರೆ ತೆನೆ ಜೊಳ್ಳಾಗುತ್ತದೆಂದು ಒಬ್ಬ ಯುವಕ ನನಗೆ ಪಕ್ಕದ ಎರಡು ಹೊಲಗಳನ್ನೇ ತೋರಿಸಿದ. ಒಂದರಲ್ಲಿ ಎಲೆಗಳು ಇನ್ನೂ ಹಸುರು, ಇನ್ನೊಂದರಲ್ಲಿ ಕೆಳಗಿನ ಎಲೆಗಳೆಲ್ಲ ಸುರುಟಿದ್ದವು. ನಡುವೆ ಇದ್ದದ್ದು ಒಂದು ಬದು ಮಾತ್ರ.

ಎರಡನೆಯ ಉತ್ತರವೆಂದರೆ ಒಂದೇ ಬೆಳೆಯ ಮೇಲೆ ಬದುಕನ್ನು ತೂಗಹಾಕದಿರುವುದು. ಹಿರಿಯರು ಅಕ್ಕಡಿ ಎಂದು ಕರೆಯುತ್ತಿದ್ದ ಪದ್ಧತಿಯದು. ಸಜ್ಜೆಯ ಎರಡು ಸಾಲಿಗೆ ತೊಗರಿಯ ಒಂದು ಸಾಲು ಹಾಕಿದ ಹೊಲಗಳನ್ನು ಕೆಂಪು ಮಸಾರಿಯಲ್ಲಿಯೂ ಹಗುರ ಎರೆಯಲ್ಲಿಯೂ ಕಾಣಬಹುದು. ಸಜ್ಜೆ ಮೂರು ತಿಂಗಳಿಗೆ ಮನೆ ಸೇರುತ್ತದೆ, ತೊಗರಿ ಚಳಿಗಾಲದವರೆಗೆ ನಿಲ್ಲುತ್ತದೆ. ಹಿಂದಿನ ಮಳೆ ಹೋದರೆ ಸಜ್ಜೆಯಾದರೂ ದಕ್ಕಿರುತ್ತದೆ. ಮುಂದಿನ ಮಳೆ ತಡವಾದರೆ ಸಜ್ಜೆ ಸೊರಗಿದರೂ ತೊಗರಿ ಚೇತರಿಸಿಕೊಳ್ಳುತ್ತದೆ. ಹಿಂಗಾರಿ ಜೋಳದ ಸುತ್ತ ಕುಸುಬೆಯ ಸಾಲು ಹಾಕುವುದೂ ಹೀಗೆಯೇ. ಅದರ ಮುಳ್ಳು ದನಕ್ಕೆ ಬೇಲಿ, ಕಾಳು ಮನೆಗೆ ಎಣ್ಣೆ, ಆಳಕ್ಕೆ ಇಳಿವ ಬೇರು ಜೋಳ ಮುಟ್ಟದ ಹಸಿಯನ್ನು ಹೀರುತ್ತದೆ.

ಹೊಸ ಯುಕ್ತಿಗಳೂ ಇಲ್ಲದಿಲ್ಲ. ಬೀದರ, ಕಲಬುರಗಿ ಕಡೆಯ ರೈತರು ತೊಗರಿಯನ್ನು ಭತ್ತದಂತೆ ನಾಟಿ ಮಾಡುವುದನ್ನು ರೂಢಿಸಿಕೊಂಡರು. ಪ್ಲಾಸ್ಟಿಕ್ ಚೀಲಗಳಲ್ಲಿ ಒಂದು ತಿಂಗಳು ಮೊದಲೇ ಸಸಿ ಬೆಳೆಸಿಟ್ಟು, ಮಳೆ ಬಂದ ದಿನ ಹೊಲಕ್ಕೆ ಒಯ್ಯುತ್ತಾರೆ. ಮಿರಗದ ಮಳೆ ತಡವಾದರೂ ಬೆಳೆಯ ವಯಸ್ಸು ತಡವಾಗುವುದಿಲ್ಲ. ಕೂಲಿ ಹೆಚ್ಚು ಬೇಡುವ ಕೆಲಸವಾದ್ದರಿಂದ ಎಕರೆ, ಅರ್ಧ ಎಕರೆಯವರಿಗೇ ಇದು ಹೆಚ್ಚು ಒಗ್ಗುತ್ತದೆ. ಸಣ್ಣ ಹಿಡುವಳಿ ಶಾಪವೆಂದು ಹೇಳುವವರು ಈ ಹೊಲಗಳನ್ನೊಮ್ಮೆ ನೋಡಬೇಕು.

ಇನ್ನು ಕೃಷಿಹೊಂಡದ ಮಾತು. 2014-15ರಲ್ಲಿ ರಾಜ್ಯ ಸರಕಾರ ಕೃಷಿಭಾಗ್ಯ ಯೋಜನೆಯನ್ನು ತಂದ ಮೇಲೆ ಒಣಸೀಮೆಯ ಹೊಲಗಳ ಮೂಲೆಯಲ್ಲಿ ಚೌಕಾಕಾರದ ಹೊಂಡಗಳು ಕಾಣತೊಡಗಿದವು. 21 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ, ಅಂಚುಗಳ ಇಳುಕಲನ್ನು ಕಳೆದರೆ, ಒಂಬತ್ತೂವರೆ ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಎಕರೆಗೆ ಎರಡು ಇಂಚು ನೀರುಣಿಸಲು 2 ಲಕ್ಷ ಲೀಟರ್ ಬೇಕು. ಬಿಸಿಲು ಕುಡಿಯುವ ಪಾಲನ್ನು ಬಿಟ್ಟರೂ ಮೂರು ಎಕರೆ ಜೋಳಕ್ಕೋ ಕಡಲೆಗೋ ಹೂವಾಡುವ ಹೊತ್ತಿನಲ್ಲಿ ಒಂದು ಸಲ ನೀರು ಕೊಡಬಹುದು. ಆ ಒಂದು ನೀರೇ ಎಷ್ಟೋ ವರ್ಷ ಬೆಳೆಗೂ ಬರಕ್ಕೂ ನಡುವಿನ ಗೆರೆಯಾಗುತ್ತದೆ. ಕೆಂಪು ನೆಲದಲ್ಲಿ ಹೊಂಡಕ್ಕೆ ಹಾಳೆ ಹಾಸಲೇಬೇಕು. ಆಳದ ಎರೆಯಲ್ಲಿ ಜಿಗುಟು ಮಣ್ಣೇ ನೀರನ್ನು ಬಹುಮಟ್ಟಿಗೆ ತಡೆಯುತ್ತದೆ.

ಆದರೆ ಹೊಂಡ ಎಲ್ಲರಿಗೂ ಒಗ್ಗುವ ಕುಪ್ಪಸವಲ್ಲ. ನಾಲ್ಕೂವರೆ ಗುಂಟೆ ನೆಲ ಅದಕ್ಕೇ ಹೋಗುತ್ತದೆ, ದಡದ ಮಣ್ಣಿಗೆ ಇನ್ನಷ್ಟು. ಎರಡು ಎಕರೆಯವನಿಗೆ ಇದು ಸಣ್ಣ ತ್ಯಾಗವಲ್ಲ. ನೀರು ಬರುವ ಬಾಯಿಗೆ ಹೂಳು ತಡೆಯುವ ಗುಂಡಿ ತೋಡದಿದ್ದರೆ ನಾಲ್ಕಾರು ವರ್ಷಗಳಲ್ಲಿ ಹೊಂಡವೇ ತುಂಬಿಹೋಗುತ್ತದೆ. ಸುತ್ತ ತಂತಿಬೇಲಿ ಇಲ್ಲದ ಹೊಂಡದ ದಂಡೆಯಲ್ಲಿ ಮಕ್ಕಳು ಆಡುವುದನ್ನು ಕಂಡಾಗ ನನ್ನ ಎದೆ ನಡುಗಿತು. ತಾಯಂದಿರು ಇದನ್ನು ಗಮನಿಸಬೇಕು, ತಂದೆಯಂದಿರು ಬೇಲಿಯ ಖರ್ಚನ್ನು ಮುಂದೂಡಬಾರದು. ಐದು ಎಕರೆಯ ಚೌಕುಮಡಿಗಳು ಒಂದು ತುಂಬಿದ ಹೊಂಡಕ್ಕಿಂತ ಹೆಚ್ಚು ನೀರನ್ನು ನೆಲಕ್ಕೆ ಇಳಿಸುತ್ತವೆ ಎಂಬುದನ್ನೂ ಮರೆಯಬಾರದು. ಹೊಂಡ ಮಾಡಿಸಿದವರೆಲ್ಲ ಮಡಿಯನ್ನು ಬಿಟ್ಟಿರುವುದೇ ನನಗೆ ಸರಿಕಾಣದ ಸಂಗತಿ.

ಮಡಿಯನ್ನು ಏಕೆ ಬಿಟ್ಟರು? ಈ ಪ್ರಶ್ನೆಯ ಬೆನ್ನುಹತ್ತಿ ಹೋದಾಗಲೇ ಕಣಿವೆಯ ನಿಜವಾದ ಸಂಕಟ ತಿಳಿಯುತ್ತದೆ. ಮಡಿಗೆ ಎತ್ತು ಬೇಕು. ಎತ್ತಿಗೆ ಮೇವು ಬೇಕು. ಮೇವೆಂದರೆ ಬಿಳಿಜೋಳದ ಕಣಿಕೆ. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ಜೋಳ ಇಂದಿಗೂ ಈ ಸೀಮೆಯ ಮೆಚ್ಚಿನ ತಳಿಯಾಗಿ ಉಳಿದಿರುವುದು ರೊಟ್ಟಿಯ ರುಚಿಗಾಗಿ ಮಾತ್ರವಲ್ಲ, ಸಿಹಿಯಾದ ಕಣಿಕೆಗಾಗಿಯೂ ಹೌದು. ಈಗ ಎರೆಹೊಲಗಳಲ್ಲಿ ಜೋಳ ಹಿಂದೆ ಸರಿದು ತೊಗರಿ ಹಬ್ಬಿದೆ. ರೈತನನ್ನು ದೂರುವಂತಿಲ್ಲ. 2025-26ನೆಯ ಸಾಲಿಗೆ ಮಾಲದಂಡಿ ಜೋಳಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ, ತೊಗರಿಗೆ 8,000 ರೂಪಾಯಿ. ಜೋಳವನ್ನು ಬೇರುಸಹಿತ ಕೀಳಬೇಕು, ತೆನೆ ಮುರಿಯಬೇಕು, ಕಣಿಕೆಯ ಬಣವೆ ಒಟ್ಟಬೇಕು. ಆಳುಗಳು ಗೋವೆಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ. ತೊಗರಿಯನ್ನು ಕೊಯ್ದು ಯಂತ್ರಕ್ಕೆ ಹಾಕಿದರೆ ಕೆಲಸ ಮುಗಿಯಿತು.

ಆದರೆ ತೊಗರಿಯ ಕಟ್ಟಿಗೆ ಒಲೆಗೆ ಬಂದೀತೇ ಹೊರತು ಎತ್ತಿನ ಗೋದಲಿಗೆ ಬಾರದು. ಕಣಿಕೆ ಹೋಯಿತು, ಎತ್ತು ಹೋದವು. ಎತ್ತು ಹೋದ ಮೇಲೆ ತಿಪ್ಪೆ ಗೊಬ್ಬರ ಹೋಯಿತು, ಮಡಿ ಹೋಯಿತು, ಎಡೆಕುಂಟೆ ಹೋಯಿತು. ಟ್ರ್ಯಾಕ್ಟರಿನ ಬಾಡಿಗೆ ತೆತ್ತು ಬಿತ್ತಿದ ಒಂದೇ ಬೆಳೆಯ ಮೇಲೆ ಮನೆಯ ವರ್ಷ ನಿಂತಿತು. ಆ ಬೆಳೆ ಎರೆಯಲ್ಲಿ ನೀರು ನಿಂತರೆ ತಾಳದು. ಕಲಬುರಗಿ ಸೀಮೆಯಲ್ಲಿ 2022ರಲ್ಲಿ ನೆಟೆರೋಗಕ್ಕೆ ನಿಂತ ನಿಲುವಿನಲ್ಲಿಯೇ ಒಣಗಿದ ತೊಗರಿಯನ್ನು ಕಂಡವರಿಗೆ ಇದು ಗೊತ್ತು. ಕೇಡುಗಾಲಕ್ಕೆ ಒದಗುವ ಉಪಾಯವನ್ನು ಒಳ್ಳೆಯ ಬೆಲೆಯೇ ಕಿತ್ತುಕೊಂಡ ಪರಿ ಇದು.

ಇನ್ನೊಂದು ದಾರಿ ಇಂಡಿಯ ಕಡೆಗೆ ಕೈತೋರಿಸುತ್ತದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಜಿಲ್ಲೆಗೆ ಹೆಮ್ಮೆಯ ಸಂಗತಿ. ಕೊಳವೆಬಾವಿಯ ಆಸರೆಯಿಂದ ಲಿಂಬೆ, ದ್ರಾಕ್ಷಿ ಬೆಳೆದು ಮನೆ ಕಟ್ಟಿಸಿದವರು ಉಂಟು. ಆದರೆ ಬರ ಬಂದಾಗ ಜೋಳದವನು ಒಂದು ವರ್ಷದ ಬೆಳೆ ಕಳೆದುಕೊಳ್ಳುತ್ತಾನೆ, ತೋಟದವನು ಹತ್ತು ವರ್ಷದ ಗಿಡ ಕಳೆದುಕೊಳ್ಳುತ್ತಾನೆ. ಗಿಡಗಳನ್ನು ಉಳಿಸಲು ಸಾಲ ಮಾಡಿ ಟ್ಯಾಂಕರಿನಿಂದ ನೀರು ತರಿಸಿದ ವರ್ಷಗಳು ಈ ಜಿಲ್ಲೆಗೆ ಹೊಸವಲ್ಲ. ಕೃಷ್ಣೆಯ ಕಾಲುವೆ ಬಂದ ಎರೆಹೊಲಗಳಲ್ಲಿಯೂ ಎಲ್ಲವೂ ಸುಗಮವಲ್ಲ. ಮಿತಿಮೀರಿ ಹಾಯಿಸಿದ ಕಡೆ ನೆಲ ಸವುಳು ಜವುಳಾಗಿ ಬಿಳಿ ಉಪ್ಪು ಮೇಲೇರಿದೆ.

ಎಳ್ಳಮಾವಾಸ್ಯೆಯ ದಿನ ನನ್ನನ್ನು ಚರಗಕ್ಕೆ ಕರೆದ ಮನೆಯವರದು ಐದು ಎಕರೆ ಎರೆ. ಅಜ್ಜನ ಕಾಲಕ್ಕೆ ಇಪ್ಪತ್ತು ಎಕರೆಯಾಗಿದ್ದದ್ದು ನಾಲ್ಕು ಪಾಲಾಗಿ ಉಳಿದ ನೆಲ. ಬಂಡಿಯಲ್ಲಿ ಹೊಲಕ್ಕೆ ಹೋಗಿ, ನಿಂತ ಜೋಳದ ನಡುವೆ ಪೂಜೆ ಮಾಡಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದರು. ಊಟದ ನಡುವೆಯೇ ಮಾತು ಬೆಳೆಯಿತು. ಕಿರಿಯ ಮಗನಿಗೆ ಎತ್ತು ಮಾರಿ, ಮೇಲೊಂದಿಷ್ಟು ಸಾಲ ತೆಗೆದು ಕೊಳವೆಬಾವಿ ಹಾಕಿಸುವ ಆಸೆ. “ಅಪ್ಪಾ, ಎತ್ತು ವರ್ಷಪೂರ್ತಿ ತಿಂತಾವ, ದುಡಿಯೂದು ಮೂರು ತಿಂಗಳ” ಎಂಬುದು ಅವನ ವಾದ. ಅದರಲ್ಲಿ ಸುಳ್ಳೇನೂ ಇಲ್ಲ. ತಂದೆ ಮಾತಾಡಲಿಲ್ಲ. ಉತ್ತರ ಕೊಟ್ಟವರು ತಾಯಿ. “ಬಾವ್ಯಾಗ ನೀರ ಬೀಳಲಿಲ್ಲಂದ್ರ ನಿಮ್ಮ ಬ್ಯಾಂಕಿನವ್ರು ರೊಟ್ಟಿ ತಂದು ಕೊಡತಾರೇನಪಾ?” ಎಂದು ನಕ್ಕು, ಮಗನ ಕೈಗೆ ಇನ್ನೊಂದು ರೊಟ್ಟಿ ಹಾಕಿದರು.

ಆ ತಾಯಿಯ ಮಾತಿಗೆ ತೂಕವುಂಟು. ಮನೆಯ ಬೀಜವೆಲ್ಲ ಅವರ ಕೈಯಲ್ಲಿ. ಹೊಲ ಕೀಳುವ ಮೊದಲೇ ನಡುಹೊಲದಲ್ಲಿ ನಡೆದಾಡಿ ತುಂಬುತೆನೆಗಳನ್ನು ಆಯ್ದು, ಬೇರೆಯಾಗಿ ಬಡಿದು, ಬೂದಿ ಮತ್ತು ಬೇವಿನ ಸೊಪ್ಪು ಬೆರೆಸಿ ಮಣ್ಣಿನ ಗಡಿಗೆಗಳಲ್ಲಿ ಇಡುತ್ತಾರೆ. 2023ರ ಬರದಲ್ಲಿ ಮೊದಲ ಬಿತ್ತನೆ ಒಣಗಿ, ಅಂಗಡಿಯ ಬೀಜಕ್ಕೆ ಮತ್ತೆ ದುಡ್ಡಿಲ್ಲದಾಗ ಎರಡನೆಯ ಬಿತ್ತನೆಗೆ ಒದಗಿದ್ದು ಆ ಗಡಿಗೆಗಳೇ. ಕೃಷಿಯ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳ್ಳಿರಿಸಬೇಕಾದವರನ್ನು ನಾವು ಇನ್ನೂ ಅಡಿಗೆಮನೆಯಲ್ಲಿಯೇ ಕುಳ್ಳಿರಿಸಿದ್ದೇವೆ ಎಂದು ಅನಿಸದೆ ಇರಲಿಲ್ಲ. ಹಗೇವಿನಲ್ಲಿ ಕಾಳು ಇಡುವ ಪದ್ಧತಿ ಮಾತ್ರ ಈ ಓಣಿಯಲ್ಲಿ ಮುಗಿದಿದೆ. ಮನೆಯ ಮುಂದಿನ ಹಗೇವಿನ ಬಾಯಿಗೆ ಕಾಂಕ್ರೀಟು ಹಾಕಿ ಅದರ ಮೇಲೆ ಮೋಟರ್ ಸೈಕಲ್ ನಿಲ್ಲಿಸಿದ್ದರು.

ಸಂಜೆ ಬಂಡಿ ಹೂಡುವ ಹೊತ್ತಿಗೆ ಒಂದು ಒಪ್ಪಂದವಾಗಿತ್ತು. ಮುಂದಿನ ವರ್ಷ ಎರಡು ಎಕರೆ ಸಜ್ಜೆ ತೊಗರಿಯ ಅಕ್ಕಡಿ, ಎರಡೂವರೆ ಎಕರೆ ಜೋಳ ಮತ್ತು ಕಡಲೆ, ಹೊಲದ ತಗ್ಗಿನ ಮೂಲೆಯಲ್ಲಿ ಹೊಂಡ. ಹೊಂಡದ ದಂಡೆಗೆ ಹತ್ತು ಲಿಂಬೆಗಿಡ, ಹೆಚ್ಚಲ್ಲ. ಎತ್ತುಗಳನ್ನು ಎರಡು ವರ್ಷ ಇಟ್ಟುಕೊಳ್ಳುವುದು, ಮಡಿ ಹಾಕುವ ತಿಂಗಳಲ್ಲಿ ಎತ್ತಿಲ್ಲದ ನಾಲ್ಕು ಮನೆಯವರ ಹೊಲಗಳಿಗೆ ಬಾಡಿಗೆಗೆ ಹೂಡಿ ಮೇವಿನ ಖರ್ಚು ತೆಗೆಯುವುದು. ಈ ಕೊನೆಯ ಮಾತು ಮಗನದೇ. ಬಾಡಿಗೆ ಎಷ್ಟು ಹೇಳಬೇಕೆಂಬುದರ ಬಗ್ಗೆ ತಂದೆ ಮಗ ಇಬ್ಬರೂ ಊರು ಮುಟ್ಟುವವರೆಗೆ ವಾದಿಸುತ್ತಲೇ ಇದ್ದರು.